ಎಳೆಯೋದಾ, ಸುತ್ತೋದಾ, ಬರೀ ತುಳಿಯೋದಾ?

ಕ್ಲಿಪ್‌ಲೆಸ್ ಪೆಡಲ್ (ಶೂ ತಳವನ್ನೇ ಕಚ್ಚಿ ಹಿಡಿಯುವ ಸೈಕಲ್ ಪೆಡಲ್) ಹಾಕಿಸಿದ ದಿನ ಅಂಗಡಿ ಹುಡುಗ ಹೇಳಿದ್ದು ಒಂದೇ ಮಾತು: "ಇನ್ಮೇಲೆ ಬರೀ ತುಳೀಬೇಡಿ ಸಾರ್, ಮೇಲಕ್ಕೂ ಎಳೀರಿ. ದುಡ್ಡು ಕೊಟ್ಟಿರೋದೇ ಅದಕ್ಕೆ." ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತಾರಲ್ಲ, ಹಾಗೆ ನಾನೂ ಕಾಲು ಎತ್ತಿದ್ದೇ ಎತ್ತಿದ್ದು. ಎರಡು ವಾರಕ್ಕೆ ತೊಡೆಸಂದು ಹಿಡಿದುಕೊಂಡಿತು. ಆಗ ಅನುಮಾನ ಬಂದು ಮೂರು ಬಗೆಯಲ್ಲಿ ತುಳಿದು ನೋಡಿದೆ.

ಹಾಲ್‌ನಲ್ಲಿ ಟ್ರೇನರ್ ಅನ್ನೋ ಸ್ಟ್ಯಾಂಡ್ ಮೇಲೆ ಸೈಕಲ್, ನಿಂತಲ್ಲೇ ತುಳಿತ, 150 ವ್ಯಾಟ್, ನಿಮಿಷಕ್ಕೆ 85 ಸುತ್ತು, 20 ನಿಮಿಷ. ದಿನಕ್ಕೊಂದೇ ಬಗೆ, ಬೆಳಿಗ್ಗೆ ಕಾಫಿಗೆ ಮುಂಚೆ, ಒಂದೊಂದಕ್ಕೂ ಮೂರು ಸರದಿ. ಅಷ್ಟೇ ಕೆಲಸಕ್ಕೆ ಎದೆ ಎಷ್ಟು ಬಡಿದುಕೊಳ್ಳುತ್ತೆ ಅನ್ನೋದೇ ಅಳತೆ. ಆಮೇಲೆ ಭಾನುವಾರಗಳಲ್ಲಿ ನಂದಿ ಬೆಟ್ಟ.

ಎಳೆತದಲ್ಲಿ ಮೊದಲ ಐದು ನಿಮಿಷ ರೆಕ್ಕೆ ಬಂದ ಹಾಗಿತ್ತು. ಹದಿನೈದನೇ ನಿಮಿಷಕ್ಕೆ ಸೊಂಟ ಸೀಟಿನ ಮೇಲೆ ಅತ್ತಿತ್ತ ಹೊರಳಾಡತೊಡಗಿತು, ಬಡಿತ 150. ತೊಡೆಯ ಮುಂಭಾಗ ಮತ್ತು ಕುಂಡೆಯ ಸ್ನಾಯುಗಳು ಇಡೀ ಮೈಭಾರ ಹೊತ್ತು ಮೆಟ್ಟಿಲು ಹತ್ತಿ ಪಳಗಿದವು. ಮಂಡಿ ಎತ್ತುವ ಸ್ನಾಯುಗಳಿಗೆ ಬರೀ ಕಾಲು ಎತ್ತಿ ಗೊತ್ತು. ಅವಕ್ಕೆ ಸಮಪಾಲು ಕೆಲಸ ಹಂಚಿದರೆ ಬೇಗ ಸೋಲುತ್ತವೆ. ನನ್ನದೇನೋ ಮನೆ ಲೆಕ್ಕ. ಆದರೆ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಂಟು ಸೈಕ್ಲಿಸ್ಟುಗಳನ್ನು 200 ವ್ಯಾಟ್‌ನಲ್ಲಿ, 90 ಸುತ್ತಿನಲ್ಲಿ ಬೇರೆಬೇರೆ ಬಗೆಯಾಗಿ ತುಳಿಸಿ ನೋಡಿದ್ದರು. ಎಳೆದಾಗ ಬಲ ಸುತ್ತಿನುದ್ದಕ್ಕೂ ಹೆಚ್ಚು ಸಮವಾಗಿ ಹಂಚಿತ್ತು ನಿಜ, ಖರ್ಚಾದ ಶಕ್ತಿಯೂ ಹೆಚ್ಚೇ.

ಇನ್ನು 'ದುಂಡಗೆ ಸುತ್ತೋದು'. ಪಾದ ಕೆಳಗೆ ಬಂದಾಗ ಶೂಗೆ ಮೆತ್ತಿದ ಕೆಸರು ಒರೆಸಿದ ಹಾಗೆ ಹಿಂದಕ್ಕೆ ಸವರಬೇಕು, ಮೇಲೆ ಬಂದಾಗ ಮುಂದಕ್ಕೆ ನೂಕಬೇಕು. ಬಡಿತ 146. ಇದರಲ್ಲಿ ನನಗೆ ಹಿಡಿಸಿದ್ದು ಒಂಟಿ ಕಾಲಿನ ಕಸರತ್ತು. ಒಂದು ಕಾಲು ಬಿಡಿಸಿ ಸ್ಟೂಲ್ ಮೇಲಿಟ್ಟು ಇನ್ನೊಂದರಲ್ಲೇ ತುಳಿದರೆ, ಕ್ರ್ಯಾಂಕ್ (ಪೆಡಲ್ ಹಿಡಿದಿರುವ ತೋಳು) ನೆತ್ತಿಗೆ ಬರುವಷ್ಟರಲ್ಲಿ ಚೈನ್ ಸಡಿಲಾಗಿ, ಕಾಲು ಮತ್ತೆ ಕೆಳಗಿಳಿಯುವಾಗ 'ಟಕ್' ಅಂತ ಬಿಗಿಯುತ್ತೆ. ಎಲ್ಲಿ ಬಲ ಸತ್ತಿದೆ ಅಂತ ಕಿವಿಗೇ ಗೊತ್ತಾಗುತ್ತೆ. ಮೊದಲ ದಿನ ಹತ್ತು ಸುತ್ತಿಗೆ ಹತ್ತು ಟಕ್. ಅಭ್ಯಾಸಕ್ಕೆ ಇದು ಸರಿ, ಆದರೆ ರಸ್ತೆಯಲ್ಲಿ ಗುಂಡಿ ನೋಡೋದಾ, ಪಾದ ನೋಡೋದಾ?

ಮೂರನೆಯದು ಬರೀ ತುಳಿತ, ಒಂದೇ ಒಂದು ತಿದ್ದುಪಡಿ ಬಿಟ್ಟರೆ. ಸಾಮಾನ್ಯವಾಗಿ ಮೇಲೇರುವ ಕಾಲು ಪೆಡಲ್ ಮೇಲೆ ಸೋಮಾರಿಯಾಗಿ ಕೂತಿರುತ್ತೆ, ಇಳಿಯುವ ಕಾಲು ಅದನ್ನೂ ಹೊತ್ತು ಎತ್ತಬೇಕು. ಆ ಭಾರ ಅಷ್ಟು ಹಗುರ ಮಾಡಿದರೆ ಸಾಕು, ಎಳೆಯಬೇಕಿಲ್ಲ. ಗಡಿಯಾರದ ಒಂದರಿಂದ ಐದರವರೆಗೆ ಒತ್ತು, ಮಿಕ್ಕಿದ್ದಕ್ಕೆ ಕಾಲು ದಾರಿ ಬಿಟ್ಟರಾಯ್ತು. ಬಡಿತ 141. ನಾನು ಉಳಿಸಿಕೊಂಡಿದ್ದು ಇದನ್ನೇ.

ಹಾಗಾದರೆ ಎಳೆತ ಪೂರ್ತಿ ದಂಡವಾ? ಅಲ್ಲ. ನಂದಿಯಲ್ಲಿ ತುದಿಯ ಹತ್ತಿರದ ಕಡಿದಾದ ತಿರುವುಗಳಲ್ಲಿ ಸೀಟು ಬಿಟ್ಟು ಎದ್ದು ಇಪ್ಪತ್ತು–ಮೂವತ್ತು ಸುತ್ತು ಎಳೆದರೆ ಸೈಕಲ್ ನಿಜಕ್ಕೂ ಜಿಗಿಯುತ್ತೆ. ಅದಕ್ಕಿಂತ ಜಾಸ್ತಿ ಎಳೆದರೆ ಮುಂದಿನ ತಿರುವಿನಲ್ಲಿ ಬಡ್ಡಿ ಸಮೇತ ವಸೂಲಿ.

ಒಂದು ಭಾನುವಾರ ಹಠಕ್ಕೆ ಬಿದ್ದು ಚಪ್ಪಟೆ ಪೆಡಲ್, ಹಳೇ ಕ್ಯಾನ್ವಾಸ್ ಶೂನಲ್ಲೂ ಹತ್ತಿದೆ. 41 ನಿಮಿಷ. ಕ್ಲಿಪ್‌ಲೆಸ್‌ನಲ್ಲಿ 40 ಚಿಲ್ಲರೆ. ಅಷ್ಟಕ್ಕೆ ಇಷ್ಟು ದುಡ್ಡಾ ಅಂತ ಹೆಂಡತಿ ಕೇಳಿದ್ದು ನ್ಯಾಯವೇ. ಆದರೆ ನಿಮಿಷಕ್ಕೆ ನೂರು ಸುತ್ತು ತಿರುಗಿಸುವಾಗ, ಹಂಪ್ ಮೇಲೆ ಕುಕ್ಕಿದಾಗ ಪಾದ ಜಾರದೆ ಇದ್ದಲ್ಲೇ ಇರುತ್ತಲ್ಲ, ಆ ಧೈರ್ಯಕ್ಕೆ ನಾನು ದುಡ್ಡು ಕೊಟ್ಟೆ ಅಂದುಕೊಂಡಿದ್ದೇನೆ. ಹೆಸರಿನ ಗೊಂದಲ ಬೇರೆ: ಹಿಂದಿನ ಕಾಲದಲ್ಲಿ 'ಕ್ಲಿಪ್' ಅನ್ನುತ್ತಿದ್ದ ಬೆರಳ ಪಂಜರ, ಪಟ್ಟಿ ಇಲ್ಲ ಅಂತ 'ಕ್ಲಿಪ್‌ಲೆಸ್'. ಲುಕ್ ಕಂಪನಿ ಹಿಮದ ಸ್ಕೀ ಕಟ್ಟುವ ಉಪಾಯವನ್ನೇ 1984ರಲ್ಲಿ ಪೆಡಲ್‌ಗೆ ತಂದಿತು. ಮರುವರ್ಷ ಫ್ರೆಂಚ್ ಸೈಕಲ್ ಪಟು ಬರ್ನಾರ್ಡ್ ಇನೋ ಅದನ್ನೇ ತುಳಿದು ಟೂರ್ ದ ಫ್ರಾನ್ಸ್ ರೇಸ್ ಗೆದ್ದ.

ಎಳೆಯುವ ಚಟ ನನ್ನನ್ನು ಪೂರ್ತಿ ಬಿಟ್ಟಿದ್ದು ಹೆಬ್ಬಾಳದ ಸಿಗ್ನಲ್‌ನಲ್ಲಿ. ಕೆಂಪು ಬಿತ್ತು, ನಿಂತೆ, ಕಾಲು ಬಿಡಿಸಲು ಅಭ್ಯಾಸಬಲದಿಂದ ಮೇಲಕ್ಕೆ ಎಳೆದೆ. ಹಿಮ್ಮಡಿ ಹೊರಕ್ಕೆ ತಿರುಚಬೇಕಿತ್ತು. ಎಳೆದಷ್ಟೂ ಅದು ಬಿಡಲಿಲ್ಲ, ಸೈಕಲ್ ಸಮೇತ ನಿಧಾನಕ್ಕೆ ಎಡಕ್ಕೆ ವಾಲಿದೆ. ಪಕ್ಕದ ಆಟೋದವರು ತಲೆ ಹೊರಗೆ ಹಾಕಿ, "ಏನ್ ಸಾರ್, ನಿಂತಲ್ಲೇ ಬಿದ್ರಾ?" ಅಂದರು. ಮನೆಗೆ ಬಂದವನೇ ಅಲನ್ ಕೀ ಹುಡುಕಿ ಎರಡೂ ಪೆಡಲಿನ ಶೂ ಹಿಡಿಯುವ ಸ್ಪ್ರಿಂಗ್ ಸಡಿಲ ಮಾಡಿದೆ.