ಫಲೇನಾಪ್ಸಿಸ್, ಡೆಂಡ್ರೋಬಿಯಂ, ವಾಂಡಾ: ಬೆಂಗಳೂರಿಗೆ ಯಾವುದು, ಉಡುಪಿಗೆ ಯಾವುದು?

ಆರ್ಕಿಡ್ ಬೆಳೆಸಲು ಹೊರಟವರು ಸಾಮಾನ್ಯವಾಗಿ ಹೂವಿನ ಬಣ್ಣ ನೋಡಿ ಗಿಡ ಕೊಳ್ಳುತ್ತಾರೆ. ನಾನೂ ಹಾಗೆಯೇ ಕೊಂಡವಳು. ಮೂರು ವರ್ಷಗಳಿಂದ ಫಲೇನಾಪ್ಸಿಸ್, ಡೆಂಡ್ರೋಬಿಯಂ ಮತ್ತು ವಾಂಡಾ ಎಂಬ ಮೂರು ಬಗೆಗಳನ್ನು ಬೆಂಗಳೂರಿನ ನಮ್ಮ ಮನೆಯ ಪೂರ್ವ ದಿಕ್ಕಿನ ಬಾಲ್ಕನಿಯಲ್ಲಿ ಸಾಕುತ್ತಿದ್ದೇನೆ. ಮೊದಲೆರಡು ಬಗೆಗಳ ಇನ್ನೊಂದೊಂದು ಗಿಡ ಉಡುಪಿಯಲ್ಲಿ ಅಕ್ಕನ ಮನೆಯ ಅಂಗಳದಲ್ಲಿದೆ. ಎರಡೂ ಕಡೆಯ ಗಿಡಗಳನ್ನು ನೋಡುತ್ತಾ ಬಂದ ಮೇಲೆ, ಆಯ್ಕೆ ಮಾಡಬೇಕಾದದ್ದು ಊರಿನ ಚಳಿಯನ್ನೂ ಗಾಳಿಯಲ್ಲಿರುವ ತೇವವನ್ನೂ ನೋಡಿಯೇ ಎಂಬುದು ನನಗೆ ಖಚಿತವಾಗಿದೆ.

ಆಗ್ನೇಯ ಏಷ್ಯಾದ ಕಾಡುಗಳಲ್ಲಿ ಮರದ ಮೇಲೆ ನೆರಳಿನಲ್ಲಿ ಬೆಳೆಯುವ ಫಲೇನಾಪ್ಸಿಸ್‌ಗೆ ಆ ಹೆಸರು ಬಂದದ್ದು ಪತಂಗದಂತೆ ಕಾಣುವ ಹೂವಿನಿಂದ. ನೀರನ್ನು ಕೂಡಿಟ್ಟುಕೊಳ್ಳುವ ಕಾಂಡ ಇದಕ್ಕಿಲ್ಲ. ಇರುವುದು ನಾಲ್ಕಾರು ದಪ್ಪ ಎಲೆಗಳು ಮತ್ತು ಬೇರುಗಳು ಮಾತ್ರ. ನನ್ನ ಮೊದಲ ಗಿಡವನ್ನು ಮಾರಿದ ನರ್ಸರಿಯವರು ವಾರಕ್ಕೆ ಎರಡು ಬಾರಿ ನೀರು ಹಾಕಿರೆಂದು ಹೇಳಿದ್ದರು, ನಾನು ತಪ್ಪದೆ ಹಾಕಿದೆ. ಎರಡು ತಿಂಗಳಿಗೆ ಕೆಳಗಿನ ಎಲೆಗಳು ಜೋತುಬಿದ್ದವು. ಗಿಡವನ್ನು ಕುಂಡದಿಂದ ಹೊರತೆಗೆದು ನೋಡಿದರೆ, ಬೇರುಗಳ ನಡುವೆ ನರ್ಸರಿಯಲ್ಲೇ ತುಂಬಿ ಕಳಿಸಿದ್ದ, ನಿಂಬೆಹಣ್ಣಿನ ಗಾತ್ರದ ಪಾಚಿಯ ಉಂಡೆಯೊಂದು ಹಿಂಡಿದರೆ ನೀರು ಸುರಿಯುವಷ್ಟು ಒದ್ದೆಯಾಗಿ ಕಪ್ಪಗಾಗಿತ್ತು. ಅದರೊಳಗಿನ ಬೇರನ್ನು ಬೆರಳಲ್ಲಿ ಒತ್ತಿದಾಗ ಮೇಲಿನ ಸಿಪ್ಪೆ ಕಳಚಿ ಒಳಗೆ ದಾರದಂಥ ಎಳೆಯಷ್ಟೇ ಉಳಿಯಿತು. ಆ ಗಿಡ ಉಳಿಯಲಿಲ್ಲ, ಅದರ ನೋವು ನನಗೆ ಇಂದಿಗೂ ಇದೆ. ಎರಡನೆಯ ಗಿಡ ಹೂ ಮುಗಿಸಿದ ಕೂಡಲೇ ಪಾಚಿಯನ್ನೆಲ್ಲ ಬಿಡಿಸಿ ತೆಗೆದು, ಇದ್ದಿಲು ಮತ್ತು ತೆಂಗಿನ ಸಿಪ್ಪೆಯ ತುಂಡುಗಳನ್ನು ತುಂಬಿದ ಪಾರದರ್ಶಕ ಕುಂಡದಲ್ಲಿ ನೆಟ್ಟೆ. ಬೇರು ಬೆಳ್ಳಿಯ ಬಣ್ಣಕ್ಕೆ ತಿರುಗಿದರೆ ನೀರು ಬೇಕೆಂದೂ, ಹಸಿರಾಗಿದ್ದರೆ ಬೇಡವೆಂದೂ ಗಿಡವೇ ತಿಳಿಸುತ್ತದೆ. ವಾರದ ಲೆಕ್ಕ ಇಡುವ ಅಗತ್ಯವಿಲ್ಲ. ಎಲೆಗಳ ನಡುವಿನ ಸುಳಿಯಲ್ಲಿ ರಾತ್ರಿಯಿಡೀ ನೀರು ನಿಂತರೆ ಸುಳಿ ಕೊಳೆಯುವುದರಿಂದ, ಬೆಳಿಗ್ಗೆಯೇ ನೀರು ಹಾಕಿ ಸುಳಿಯನ್ನು ಬಟ್ಟೆಯಿಂದ ಒರೆಸುವ ರೂಢಿ ಇಟ್ಟುಕೊಂಡಿದ್ದೇನೆ.

ಇದು ಹೂ ಬಿಡುವುದರ ಗುಟ್ಟು ಚಳಿಯಲ್ಲಿದೆ. ಉಷ್ಣಾಂಶ ಕೆಲವು ವಾರಗಳ ಕಾಲ ಸುಮಾರು 25 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಹೂದಂಡು ಮೂಡುತ್ತದೆ. ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು 15-16 ಡಿಗ್ರಿಗೆ ಇಳಿಯುವುದರಿಂದ ನಾವು ಏನೂ ಮಾಡದಿದ್ದರೂ ಗಿಡಕ್ಕೆ ಬೇಕಾದ ಚಳಿ ಸಿಕ್ಕಿಬಿಡುತ್ತದೆ. ಡಿಸೆಂಬರ್‌ನ ಒಂದು ಬೆಳಿಗ್ಗೆ ಮೇಲಿನಿಂದ ಮೂರನೆಯ ಎಲೆಯ ಬುಡದಲ್ಲಿ ಅಕ್ಕಿಕಾಳಿನಷ್ಟು ಹಸಿರು ಮೊಳಕೆಯೊಂದು ಕಂಡಿತು. ಬೇರಾಗಿದ್ದರೆ ತುದಿ ಉರುಟಾಗಿ ನುಣುಪಾಗಿರುತ್ತದೆ. ಇದರ ತುದಿಯಾದರೋ ಚಪ್ಪಟೆಯಾಗಿ, ಒಂದು ಬದಿಗೆ ಮಡಿಸಿದ ಪುಟ್ಟ ಕೈಗವಸಿನಂತೆ ಪದರ ಪದರವಾಗಿತ್ತು. ಅದು ಹೂದಂಡೇ ಎಂದು ತಿಳಿಯಲು ಹತ್ತು ದಿನ ಬೇಕಾಯಿತು. ಮಾರ್ಚ್ ಮೊದಲ ವಾರದಲ್ಲಿ ಅರಳಿದ ಎಂಟು ಹೂಗಳಲ್ಲಿ ಕೊನೆಯದು ಉದುರಿದ್ದು ಮೇ ಮಧ್ಯದಲ್ಲಿ. ಅಕ್ಕನ ಮನೆಯ ಗಿಡದ ಎಲೆಗಳು ನನ್ನ ಗಿಡದವಕ್ಕಿಂತ ಅಗಲವಾಗಿ, ಹೊಳಪಾಗಿ ಬೆಳೆದಿದ್ದರೂ ಎರಡು ವರ್ಷ ಒಂದೇ ಒಂದು ಹೂದಂಡೂ ಬರಲಿಲ್ಲ, ಏಕೆಂದರೆ ಕರಾವಳಿಯಲ್ಲಿ ಡಿಸೆಂಬರ್‌ನ ಹಗಲೂ 30 ಡಿಗ್ರಿ ದಾಟುತ್ತದೆ.

ಡೆಂಡ್ರೋಬಿಯಂನ ಕಥೆ ಇದಕ್ಕೆ ತಿರುಗುಮುರುಗು. ನಾವು ಬೆಳೆಸಿದ್ದು ಥಾಯ್ಲೆಂಡಿನಿಂದ ಬರುವ ನೇರಳೆ ಬಣ್ಣದ ಮಿಶ್ರತಳಿ. ಕಬ್ಬಿನ ಹಾಗೆ ಗಿಣ್ಣುಗಳಿರುವ ಇದರ ಕಾಂಡಗಳಲ್ಲಿ ನೀರೂ ಆಹಾರವೂ ಸಂಗ್ರಹವಾಗುವುದರಿಂದ, ನಾಲ್ಕು ದಿನ ಊರಿಗೆ ಹೋಗಿ ಬಂದರೂ ಗಿಡಕ್ಕೆ ಆತಂಕವಿಲ್ಲ. ಆದರೆ ಇದಕ್ಕೆ ಬಿಸಿಲು ಬೇಕು, ಸೆಕೆ ಬೇಕು. ನನ್ನ ಬಾಲ್ಕನಿಯಲ್ಲಿ ಬೆಳಗಿನ ಎರಡು ಗಂಟೆಯ ಬಿಸಿಲಿಗೆ ಹೊಸ ಕಾಂಡಗಳು ಹಳೆಯವುಗಳಿಗಿಂತ ಗಿಡ್ಡವಾದವು, ಚಳಿಗಾಲದಲ್ಲಿ ಎಲೆ ಉದುರಿತು, ವರ್ಷಕ್ಕೊಂದೇ ಗೊಂಚಲು ಬಂತು. ಉಡುಪಿಯಲ್ಲಿ ಅರ್ಧ ಬಿಸಿಲನ್ನು ತಡೆಯುವ ಶೇಡ್ ನೆಟ್‌ನ ಕೆಳಗೆ, ಸುತ್ತಲೂ ತೂತುಗಳಿರುವ ಮಣ್ಣಿನ ಕುಂಡದಲ್ಲಿ ಇಟ್ಟಿಗೆ ಚೂರು ಮತ್ತು ಇದ್ದಿಲಿನ ಮೇಲೆ ಕುಳಿತ ಗಿಡ, ಅಲ್ಲಿನ ಜಡಿಮಳೆಯಲ್ಲಿ ನೆನೆದೂ ಕೊಳೆಯದೆ ಮೂರು ಗೊಂಚಲು ಕೊಟ್ಟಿತು. ಎಲೆಯಿಲ್ಲದ ಕಾಂಡಗಳನ್ನು ನೋಡಿ ಅಕ್ಕ, "ಇದು ಸತ್ತ ಕಡ್ಡಿ ಮಾರಾಯ್ತಿ, ಕತ್ತರಿಸಿಬಿಡುತ್ತೇನೆ" ಎಂದಿದ್ದಳು. ಹಸಿರಾಗಿ ಗಟ್ಟಿಯಾಗಿರುವ ತನಕ ಅವು ಗಿಡದ ಕಣಜವೆಂದು ಹೇಳಿ ತಡೆದೆ. ಮೂರರಲ್ಲಿ ಒಂದು ಗೊಂಚಲು ಬಂದದ್ದು ಅಂಥದೇ ಕಾಂಡದ ತುದಿಯಿಂದ.

ವಾಂಡಾ ವಿಷಯದಲ್ಲಿ ನಾನು ಸೋತೆ. ಸಂಸ್ಕೃತದ ಹೆಸರನ್ನೇ ಹೊತ್ತಿರುವ ಈ ಗಿಡ, ಮಲೆನಾಡಿನವರು ಮಳೆಗಾಲದ ಹೊಸ್ತಿಲಲ್ಲಿ ಮರಗಳ ಮೇಲೆ ನೋಡುವ ಸೀತಾಳೆದಂಡೆಯ ಹತ್ತಿರದ ನೆಂಟ. ಕುಂಡವಿಲ್ಲದೆ, ಬೇರುಗಳನ್ನು ಗಾಳಿಗೆ ಇಳಿಬಿಟ್ಟು ಬೆಳೆಯುವ ಇದಕ್ಕೆ ಸದಾ ತೇವದ ಗಾಳಿ ಬೇಕು. ಬೆಂಗಳೂರಿನ ಮಾರ್ಚ್ ತಿಂಗಳ ಒಣಹವೆಯಲ್ಲಿ ದಿನಕ್ಕೆರಡು ಬಾರಿ ನೀರು ಚಿಮುಕಿಸಿದರೂ ಅರ್ಧ ಗಂಟೆಯಲ್ಲಿ ಬೇರು ಒಣಗುತ್ತಿತ್ತು. ಅದೂ ಸಾಲದೆಂಬಂತೆ ಬೋರ್‌ವೆಲ್ ನೀರಿನ ಉಪ್ಪು ಬೇರಿನ ಮೇಲೆ ಬಿಳಿಯಾಗಿ ಕಟ್ಟಿ, ಬೆಳೆಯುತ್ತಿದ್ದ ಹಸಿರು ತುದಿಗಳೆಲ್ಲ ಮುಚ್ಚಿಹೋದವು. ಇಡೀ ದಿನ ಮನೆಯಲ್ಲಿರುವವರಲ್ಲದೆ ಬಯಲುಸೀಮೆಯ ಬೇರೆ ಯಾರಿಗೂ ವಾಂಡಾ ಕೊಳ್ಳಿರೆಂದು ನಾನು ಹೇಳಲಾರೆ.

ಕಳೆದ ನವೆಂಬರ್‌ನಲ್ಲಿ ಉಡುಪಿಗೆ ಹೋದಾಗ ವಾಂಡಾವನ್ನು ಅಕ್ಕನ ಮನೆಯ ಹಲಸಿನ ಮರದ ಕೊಂಬೆಗೆ ತೂಗುಹಾಕಿ, ಅವಳ ಫಲೇನಾಪ್ಸಿಸ್ ಅನ್ನು ಬೆಂಗಳೂರಿಗೆ ತಂದೆ. ಏಳನೆಯ ವಾರದಲ್ಲಿ ಅದರ ಎಲೆಯ ಬುಡದಲ್ಲಿ ಚಪ್ಪಟೆ ತುದಿಯ ಮೊಳಕೆ ಕಾಣಿಸಿಕೊಂಡಿತು. ಅದರ ಫೋಟೋ ಕಳಿಸಿದ ಸಂಜೆಯೇ ಅಕ್ಕ ವಾಂಡಾದ ಬೇರಿನ ಫೋಟೋ ಕಳಿಸಿದಳು; ಬಿಳಿ ಬೇರಿನ ತುದಿಯಲ್ಲಿ ಅರ್ಧ ಇಂಚು ಹೊಸ ಹಸಿರು ಬಂದಿತ್ತು.