ಆರ್‌ಸಿಂಕ್: ಕೆಲಸದಲ್ಲಿ ನಂಬಿಗಸ್ತ, ದೋಷ ತಿಳಿಸುವಲ್ಲಿ ಮಾತ್ರ ಅಸ್ಪಷ್ಟ

ಚಾಮರಾಜಪೇಟೆಯ ನಮ್ಮ ಪುಸ್ತಕ ವಿನ್ಯಾಸದ ಕಚೇರಿಯಿಂದ ಪ್ರತಿ ಸಂಜೆ ಪುಟವಿನ್ಯಾಸದ ಕಡತಗಳು ಬಾಡಿಗೆ ಸರ್ವರ್ ಒಂದಕ್ಕೆ ಹೋಗುತ್ತವೆ. ಈ ಕೆಲಸಕ್ಕೆ ನಾವು ನೆಚ್ಚಿಕೊಂಡಿರುವುದು ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಾಸ್ 1996ರಲ್ಲಿ ಹೊರತಂದ ಆರ್‌ಸಿಂಕ್ ಎಂಬ ಉಚಿತ ತಂತ್ರಾಂಶವನ್ನು. ದೊಡ್ಡ ಕಡತವೊಂದರಲ್ಲಿ ನಾಲ್ಕು ಪುಟ ತಿದ್ದಿದ್ದರೆ, ಸರ್ವರ್‌ನಲ್ಲಿ ಈಗಾಗಲೇ ಇರುವ ಭಾಗಗಳನ್ನು ಗುರುತಿಸಿ ಬದಲಾದ ಭಾಗವನ್ನಷ್ಟೇ ಅದು ಕಳುಹಿಸುವುದರಿಂದ, ಅಪ್‌ಲೋಡ್ ವೇಗ ಕಡಿಮೆಯಿರುವ ಕಡೆಗಳಲ್ಲಿ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ.

ಆದರೆ ಸಂಪರ್ಕ ಕೈಕೊಟ್ಟಾಗ ಅದು ಕೊಡುವ ಸಂದೇಶಗಳು ಬಳಕೆದಾರರನ್ನು ದಾರಿ ತಪ್ಪಿಸುತ್ತವೆ. 2004ರ 2.6.0 ಆವೃತ್ತಿಯಿಂದ ಆರ್‌ಸಿಂಕ್ ತಾನಾಗಿಯೇ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ವ್ಯವಸ್ಥೆ) ಮೂಲಕ ಸಾಗುತ್ತದೆ. ಹಾಗಾಗಿ ಎಸ್‌ಎಸ್‌ಎಚ್‌ನ ತೊಂದರೆಯೂ ಆರ್‌ಸಿಂಕ್‌ನ ತೊಂದರೆಯಂತೆಯೇ ತೋರುತ್ತದೆ. 255 ಎಂಬ ಸಂಖ್ಯೆಯೊಂದಿಗೆ ‘ವಿವರಿಸಲಾಗದ ದೋಷ’ ಎಂದು ಬಂದರೆ ಆರ್‌ಸಿಂಕ್‌ನ ಆಯ್ಕೆಗಳನ್ನು ತಿದ್ದುತ್ತ ಕೂರಬೇಕಾಗಿಲ್ಲ. ಮೊದಲು ಬರೀ ಎಸ್‌ಎಸ್‌ಎಚ್‌ನಿಂದ ಲಾಗಿನ್ ಆಗಿ ನೋಡಬೇಕು. ಅದೂ ಆಗದಿದ್ದರೆ ಪೋರ್ಟ್ ಸಂಖ್ಯೆ (ಸರ್ವರ್ ಸಂಪರ್ಕ ಸ್ವೀಕರಿಸುವ ದ್ವಾರದ ಸಂಖ್ಯೆ), ಪಾಸ್‌ವರ್ಡ್ ಬದಲು ನಮ್ಮ ಗುರುತು ತೋರಿಸುವ ಕೀಲಿ ಕಡತದ ಅನುಮತಿಗಳು ಇವನ್ನು ಪರೀಕ್ಷಿಸಬೇಕು. ಖಾಸಗಿ ಕೀಲಿಯನ್ನು ಬೇರೆಯವರೂ ಓದುವಂತಿದ್ದರೆ ಎಸ್‌ಎಸ್‌ಎಚ್ ಅದನ್ನು ಬಳಸಲು ಒಪ್ಪುವುದಿಲ್ಲ; ಅನುಮತಿಯನ್ನು 600ಕ್ಕೆ, ಅಂದರೆ ಮಾಲೀಕರಷ್ಟೇ ಓದಿ ಬರೆಯುವಂತೆ, ಇಳಿಸಬೇಕು. ಲಾಗಿನ್ ಸರಿಯಾಗಿದ್ದೂ ‘ಪ್ರೋಟೋಕಾಲ್ ಆವೃತ್ತಿ ಹೊಂದುತ್ತಿಲ್ಲ, ನಿಮ್ಮ ಶೆಲ್ ಶುದ್ಧವಾಗಿದೆಯೇ’ ಎಂಬ ಅರ್ಥದ ಸಂದೇಶ ಬಂದರೆ, ಸಾಮಾನ್ಯವಾಗಿ ಕಾರಣ ಆವೃತ್ತಿಯಲ್ಲ. ಸರ್ವರ್‌ನ ಶೆಲ್ (ಆದೇಶಗಳನ್ನು ನಡೆಸುವ ತಂತ್ರಾಂಶ) ಶುರುವಾಗುವಾಗ ಓದುವ ಬ್ಯಾಶ್‌ಆರ್‌ಸಿ ಕಡತದಲ್ಲಿ ಯಾರೋ ಸ್ವಾಗತದ ಸಾಲೊಂದನ್ನು ಬರೆದಿಟ್ಟಿರುತ್ತಾರೆ, ಆ ಸಾಲು ದತ್ತಾಂಶದ ನಡುವೆ ನುಸುಳುತ್ತದೆ. ಇಷ್ಟು ಹಳೆಯ, ಇಷ್ಟು ಪರಿಚಿತ ತೊಂದರೆಗೆ ಇನ್ನೂ ನೇರವಾದ ವಿವರಣೆ ಕೊಡದಿರುವುದನ್ನು ನಾನು ಕೊರತೆಯೆಂದೇ ಎಣಿಸುತ್ತೇನೆ.

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರು ಇನ್ನೊಂದು ತೊಡಕನ್ನು ತಿಳಿದಿರಬೇಕು, ಏಕೆಂದರೆ ಇದರಲ್ಲಿ ದೋಷ ಸಂದೇಶವೇ ಬರುವುದಿಲ್ಲ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತ ವ್ಯವಸ್ಥೆಯ ಡಿಸ್ಕ್‌ಗಳು ಕಡತದ ಹೆಸರಿನಲ್ಲಿರುವ ಯೂನಿಕೋಡ್ ಅಕ್ಷರಗಳನ್ನು ಬಿಡಿಸಿ ಉಳಿಸುತ್ತವೆ. ‘ಕೋಶ’ ಎಂಬ ಹೆಸರಿನಲ್ಲಿರುವ ಓತ್ವ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಒಂದೇ ಸಂಕೇತವಾಗಿದ್ದರೆ, ಮ್ಯಾಕ್‌ನಲ್ಲಿ ಅದು ಮೂರು ಸಂಕೇತಗಳಾಗಿ ಒಡೆಯುತ್ತದೆ. ಕಣ್ಣಿಗೆ ಎರಡೂ ಒಂದೇ, ಆರ್‌ಸಿಂಕ್‌ಗೆ ಎರಡೂ ಬೇರೆ. ಆದ್ದರಿಂದ ಸರ್ವರ್‌ನಲ್ಲಿ ಒಂದೇ ಹೆಸರಿನಂತೆ ತೋರುವ ಎರಡು ಬೇರೆ ಬೇರೆ ಕಡತಗಳು ಉಳಿದುಬಿಡುತ್ತವೆ. 2008ರ 3.0.0 ಆವೃತ್ತಿಯಲ್ಲಿ ಬಂದ, ಹೆಸರುಗಳ ಸಂಕೇತಗಳನ್ನು ಪರಿವರ್ತಿಸುವ ಐಕಾನ್ವ್ ಆಯ್ಕೆ ಇದನ್ನು ಸರಿಪಡಿಸುತ್ತದೆ. ಮ್ಯಾಕ್ ಜೊತೆಗೆ ವರ್ಷಗಟ್ಟಲೆ ಬರುತ್ತಿದ್ದ 2.6.9ರಲ್ಲಿ ಈ ಸೌಲಭ್ಯವಿರಲಿಲ್ಲ, ಹಾಗಾಗಿ ಹೊಸ ಆವೃತ್ತಿಯನ್ನು ಎರಡೂ ಕಡೆ ಹಾಕಿಕೊಳ್ಳುವುದು ಅಗತ್ಯ.

ಕರೆಂಟ್ ಹೋಗಿ ವರ್ಗಾವಣೆ ಅರ್ಧಕ್ಕೆ ನಿಲ್ಲುವ ಊರಿನಲ್ಲಿ ಪಾರ್ಶಿಯಲ್ ಆಯ್ಕೆಯನ್ನು ಸದಾ ಬಳಸುವುದು ಒಳ್ಳೆಯದು, ಬಂದಷ್ಟು ಭಾಗ ಉಳಿಯುತ್ತದೆ. ಮೂಲ ಫೋಲ್ಡರ್‌ನ ಹೆಸರಿನ ಕೊನೆಯಲ್ಲಿ ಓರೆಗೆರೆ ಇದ್ದರೆ ಒಳಗಿನ ಕಡತಗಳು ಮಾತ್ರ ಹೋಗುತ್ತವೆ, ಇಲ್ಲದಿದ್ದರೆ ಫೋಲ್ಡರ್ ಸಮೇತ ಹೋಗುತ್ತವೆ. ಮೂಲದಲ್ಲಿ ಇಲ್ಲದ ಕಡತಗಳನ್ನು ಸರ್ವರ್‌ನಿಂದ ಅಳಿಸುವ ಡಿಲೀಟ್ ಆಯ್ಕೆಯ ಜೊತೆಗೆ ಈ ಗೆರೆ ಅದಲುಬದಲಾದರೆ ಸರ್ವರ್‌ನಲ್ಲಿರುವ ಬೇರೆ ಕಡತಗಳು ಅಳಿಸಿಹೋಗಬಹುದು. ಆದ್ದರಿಂದ ಮೊದಲು ಡ್ರೈ ರನ್ (ಏನನ್ನೂ ಬದಲಿಸದ ಪರೀಕ್ಷಾ ಓಟ) ಮಾಡಿ, ಅಳಿಯಲಿರುವ ಹೆಸರುಗಳ ಪಟ್ಟಿಯನ್ನು ಓದಿದ ಮೇಲೆಯೇ ನಿಜವಾದ ಆದೇಶವನ್ನು ಕೊಡಬೇಕು.