ಎರಡು ಬ್ಯಾಟರಿಗಳ ನಡುವಿನ ರಿಲೇ: ದಾವಣಗೆರೆಯ ಸಂಚಾರಿ ಕ್ಯಾಂಟೀನಿನಲ್ಲಿ ದೀರ್ಘಕಾಲದ ಬಳಕೆ

ಸಂಜೆ ಬೆಣ್ಣೆ ದೋಸೆ ಹಾಕುವ ನಮ್ಮ ಗಾಡಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಲ್ಲದೆ, ದೀಪ, ಫ್ಯಾನು ಮತ್ತು ಸಣ್ಣ ಫ್ರಿಜ್ಜಿಗಾಗಿ 100 ಆಂಪಿಯರ್-ಅವರ್‌ನ ಟ್ಯೂಬ್ಯುಲರ್ (ಲೆಡ್-ಆಸಿಡ್) ಬ್ಯಾಟರಿಯೊಂದನ್ನು ಪ್ರತ್ಯೇಕವಾಗಿ ಇರಿಸಿದ್ದೇವೆ. ಹಾಯಿದೋಣಿಗಳಲ್ಲಿ ಎಂಜಿನ್ನಿಗೊಂದು, ಒಳಗಿನ ದೀಪ-ಉಪಕರಣಗಳಿಗೊಂದು ಎಂದು ಬ್ಯಾಟರಿ ಬೇರ್ಪಡಿಸುವ ಏರ್ಪಾಡೇ ಇದು. ಇವೆರಡರ ನಡುವೆ ಕೂರಿಸಿದ, ವೋಲ್ಟೇಜ್ ಗ್ರಹಿಸಿ ತಾನಾಗಿಯೇ ಕೂಡಿಸಿ ಬಿಡಿಸುವ ಸ್ವಿಚ್ಚಿನಂಥ ರಿಲೇಯ ಬಗ್ಗೆ ಎರಡನೆಯ ಬೇಸಿಗೆ ಕಳೆದ ಮೇಲೆ ಬರೆಯುತ್ತಿದ್ದೇನೆ.

ಎಂಜಿನ್ ಓಡಿ ವೋಲ್ಟೇಜ್ 13.3 ವೋಲ್ಟ್ ಮುಟ್ಟಿದೊಡನೆ ಸೀಟಿನ ಕೆಳಗೆ ‘ಟಕ್’ ಎಂದು ಸದ್ದಾಗಿ ಎರಡೂ ಬ್ಯಾಟರಿಗಳು ಕೂಡಿಕೊಂಡು ಒಟ್ಟಿಗೆ ಚಾರ್ಜ್ ಆಗುತ್ತವೆ; ಎಂಜಿನ್ ನಿಲ್ಲಿಸಿದ ಬಳಿಕ 12.8ಕ್ಕೆ ಇಳಿದಾಗ ಬೇರೆಯಾಗುತ್ತವೆ. ಫ್ರಿಜ್ಜು ರಾತ್ರಿಯಿಡೀ ಎಳೆದರೂ ಬೆಳಿಗ್ಗೆ ಸೆಲ್ಫ್ ಎತ್ತದೆ ಇದ್ದದ್ದಿಲ್ಲ. ಇಷ್ಟಕ್ಕೇ ಕೊಟ್ಟ ಹಣ ದಕ್ಕಿತು ಎನ್ನಬಹುದು.

ಆದರೆ ರಿಲೇ ಬ್ಯಾಟರಿಗಳನ್ನು ಕಾಯುತ್ತದೆಯೇ ಹೊರತು ಪೂರ್ತಿ ತುಂಬಿಸುವುದಿಲ್ಲ ಎಂಬುದನ್ನು ಕೊಳ್ಳುವವರು ಗಮನಿಸಬೇಕು. ಎಂಟು ಆಂಪಿಯರ್‌ನಂತೆ ಐದು ಗಂಟೆ ವ್ಯಾಪಾರ ನಡೆದರೆ 40 ಆಂಪಿಯರ್-ಅವರ್ ಖರ್ಚಾಗುತ್ತದೆ; ಹರಿಹರಕ್ಕೆ ಹೋಗುವ ಅರ್ಧ ಗಂಟೆಯಲ್ಲಿ 25 ಆಂಪಿಯರ್ ಹರಿದರೂ ಮರಳುವುದು ಹನ್ನೆರಡರ ಆಸುಪಾಸು. ಕೊನೆಯ ಐದನೇ ಒಂದು ಭಾಗವನ್ನಂತೂ ಲೆಡ್-ಆಸಿಡ್ ಬ್ಯಾಟರಿ ಗಂಟೆಗಟ್ಟಲೆ ನಿಧಾನವಾಗಿಯೇ ತೆಗೆದುಕೊಳ್ಳುತ್ತದೆ, ಅರೆ ಚಾರ್ಜಿನಲ್ಲೇ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಚಿತ್ರದುರ್ಗದವರೆಗೆ ಹೋಗಿಬಂದ ದಿನವೂ ಪೂರ್ತಿ ತುಂಬುವುದಿಲ್ಲವಾದ್ದರಿಂದ ರಾತ್ರಿ ಮನೆಯ ಕರೆಂಟಿನ ಚಾರ್ಜರ್‌ಗೆ ಹಾಕುವುದು ನಮಗೆ ರೂಢಿಯಾಗಿದೆ.

ವೈರಿನ ವಿಷಯದಲ್ಲಿ ಜಿಪುಣತನ ಸಲ್ಲದು. ಅಂಗಡಿಯವರು ಮೊದಲು ಎಳೆದುಕೊಟ್ಟ 4 ಚದರ ಮಿಲಿಮೀಟರಿನ ತಂತಿಯಲ್ಲಿ, ಎಂಜಿನ್ನಿನ ಬ್ಯಾಟರಿಗೆ 14.2 ವೋಲ್ಟ್ ಇದ್ದರೆ ಎರಡನೆಯದಕ್ಕೆ 13.5 ಮಾತ್ರ ತಲುಪುತ್ತಿತ್ತು. 16 ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಕಿಸಿದ ಮೇಲೆ ನಷ್ಟ 0.2 ವೋಲ್ಟಿಗೆ ಇಳಿಯಿತು. ಎರಡೂ ತುದಿಯಲ್ಲಿ ಬ್ಯಾಟರಿ ಇರುವುದರಿಂದ ಫ್ಯೂಸು ಕೂಡ ಎರಡೂ ತುದಿಯಲ್ಲಿ, ಟರ್ಮಿನಲ್ಲಿನ ಹತ್ತಿರವೇ ಇರಬೇಕು. ಒಂದೇ ಸಾಕು ಎನ್ನುವ ಮೆಕ್ಯಾನಿಕ್‌ಗಳ ಮಾತಿಗೆ ಒಪ್ಪಬೇಡಿ.

ನಮ್ಮದು ಹಳೆಯ ಗಾಡಿ. ಕೆಲವು ಬಿಎಸ್-6 (ಹೊಸ ಹೊಗೆ ನಿಯಮದ) ವಾಹನಗಳಲ್ಲಿ, ಓಡುವ ಎಂಜಿನ್ನಿನಿಂದ ಕರೆಂಟು ತಯಾರಿಸುವ ಆಲ್ಟರ್ನೇಟರಿನ ವೋಲ್ಟೇಜನ್ನು ಕಂಪ್ಯೂಟರೇ ತಗ್ಗಿಸುವುದರಿಂದ ಈ ರಿಲೇ ನಡುದಾರಿಯಲ್ಲೇ ಸಂಪರ್ಕ ಕಡಿದುಕೊಳ್ಳಬಹುದು. ಅಂಥವರು ದುಬಾರಿಯಾದರೂ, ತಗ್ಗಿದ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಏರಿಸಿ ಕೊಡುವ ಡಿಸಿ-ಡಿಸಿ ಚಾರ್ಜರನ್ನೇ ಕೊಳ್ಳುವುದು ಲೇಸು.